ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು

ನಮ್ಮ ವಂಶದಲ್ಲಿ ಡಿಗ್ರಿ ಮಾಡುವವರು ಹುಟ್ಟುವುದಿಲ್ಲ ಎಂದು ಹೇಳಿದವಳು ನನ್ನ ಸೋದರತ್ತೆ ಗಂಗಮ್ಮ. ಆ ಹೊತ್ತಿಗೆ ನಾನು ಹುಟ್ಟಿ ಬೆಳೆದು, ಮಧುಗಿರಿ ಕಾಲೇಜಿನ ಅರ್ಜಿ ಹಿಡಿದು ಅವಳ ಎದುರಿಗೇ ನಿಂತಿದ್ದೆ. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಸ್ಸಿನ ಬಾಗಿಲಲ್ಲಿ ನೇತಾಡಿ, ರಜೆಯಲ್ಲಿ ಗಾರೆ ಕೆಲಸ ಮಾಡಿ, ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಅಂತೂ ಡಿಗ್ರಿ ಮುಗಿಸಿದೆ. ಬಿ.ಎಡ್ ಮಾಡಿ ಮಿಡಿಗೇಶಿ ಆಚೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಮೇಷ್ಟರಾದೆ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ ಬಿಡಿ, ಪುಕ್ಕಟೆ ಬಂದದ್ದಲ್ಲ. ಅತ್ತೆ ಮಾತ್ರ ಇವತ್ತಿಗೂ, "ಅದೇನೋ ಪಾಸಾದ್ನಂತೆ" ಎನ್ನುತ್ತಾಳೆ.

ಅನುಮಾನ ನಮ್ಮ ಮನೆತನದ ಆಸ್ತಿ. ಅದರಲ್ಲಿ ನನಗೂ ಪಾಲು ಬಂದಿದೆಯೆಂದು ತಿಳಿದದ್ದು ಈ ವರ್ಷ. ಯಾವುದೋ ಸಂಸ್ಥೆಯವರು ನಮ್ಮ ಶಾಲೆಗೆ ಬಂದು, ಹತ್ತನೇ ತರಗತಿಯ ಮಕ್ಕಳಿಗೆ ಉದ್ಯೋಗದ ದಾರಿ, ಜೀವನ ಕೌಶಲ ಎಲ್ಲ ಕಲಿಸುತ್ತೇವೆ ಎಂದರು. "ಇದೆಲ್ಲ ಆಗುವ ಹೋಗುವ ಮಾತಲ್ಲ" ಎಂದು ಮೊದಲು ಹೇಳಿದವನು ನಾನು. ಅದಕ್ಕೇ ಇರಬೇಕು, ಹೆಡ್ಮಾಸ್ಟರು ಅದರ ಉಸ್ತುವಾರಿಯನ್ನು ನನಗೇ ವಹಿಸಿದರು.

ತಪ್ಪು ನನ್ನದೊಂದೇ ಅಲ್ಲ, ಸೀಮೆಯದೂ ಇದೆ. ಮಧುಗಿರಿಯಲ್ಲಿ, ಮಿಡಿಗೇಶಿಯಲ್ಲಿ, ಪಾವಗಡದಲ್ಲಿ, ಬೆಟ್ಟ ಸಿಕ್ಕಿದಲ್ಲೆಲ್ಲ ಹಿಂದಿನವರು ಕೋಟೆ ಕಟ್ಟಿದರು. ಒಂದು ಬಾಗಿಲು ದಾಟಿದರೆ ಎದುರಿಗೆ ಇನ್ನೊಂದು ಬಾಗಿಲು. ಬಂದವರನ್ನೆಲ್ಲ ನಂಬುವ ಜನ ಅಷ್ಟು ಎತ್ತರಕ್ಕೆ ಅಷ್ಟು ಕಲ್ಲು ಹೊರುತ್ತಿರಲಿಲ್ಲ.

ಕಲಿಸಲು ಬಂದವಳು ನಯನಾ ಎಂಬ ಹುಡುಗಿ. ಶನಿವಾರ ಶನಿವಾರ ತುಮಕೂರಿನಿಂದ ಬರುವಳು. ಮೊದಲ ಪಾಠವೇ ಕೈ ಕುಲುಕುವುದು. ನನಗೆ ನಗು ಬಂತು. ಶಿರಾ ಕುರಿ ಸಂತೆಗೆ ಹೋಗಿ ನೋಡಿ, ನಮ್ಮವರು ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿಯೇ ಬೆಲೆ ಮಾತಾಡುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಸುಳಿವು ಸಿಗುವುದಿಲ್ಲ. ಕೈ ಕೊಟ್ಟನೆಂದರೆ ಕುರಿಯ ಮೇಲೆ ಕಣ್ಣಿಟ್ಟಿದ್ದಾನೆಂದೇ ಅರ್ಥ. ಅಂಥವರ ಮಕ್ಕಳಿಗೆ ಸುಮ್ಮಸುಮ್ಮನೆ ಕೈ ಕುಲುಕಲು ಹೇಳಿದರೆ ಅವು ಕುರಿ ಎಲ್ಲಿದೆ ಎಂದು ಹುಡುಕುವುದಿಲ್ಲವೆ? ಮುಂದಿನ ವಾರ, "ಐದು ವರ್ಷದ ನಂತರ ನೀನು ಎಲ್ಲಿರ್ತೀಯ?" ಎಂಬ ಪ್ರಶ್ನೆ. ಮುಂದಿನ ಬೆಂಚಿನವನು ಎದ್ದುನಿಂತು, "ಇಲ್ಲೇ ಇರ್ತೀನಿ ಮೇಡಂ. ಹಬ್ಬಕ್ಕೆ ಬೇಕಾದ್ರೆ ಮಾವನ ಮನೆಗೆ ಹೋಗಿರ್ತೀನಿ" ಎಂದ. ಅವನಿಗಿಂತ ಪ್ರಾಮಾಣಿಕವಾಗಿ ಆ ಪ್ರಶ್ನೆಗೆ ಯಾರು ಉತ್ತರಿಸಿಯಾರು?

ಕೆಲಸ ಕೊಡುವವರು ಈ ಕಡೆ ಸುಳಿಯುವುದಿಲ್ಲ. ಕೆಲಸ ಕೇಳುವುದು ಹೇಗೆಂದು ಕಲಿಸುವವರು ಮಾತ್ರ ಬರುತ್ತಾರೆ. ಹೆಣ್ಣು ಗೊತ್ತಾಗುವ ಮೊದಲೇ ಗಂಡಿಗೆ ಬಾಸಿಂಗ ಕಟ್ಟಿದ ಹಾಗೆ.

ನನ್ನ ಅನುಮಾನಕ್ಕೆ ಸ್ವಂತದ್ದೊಂದು ಕಾರಣವೂ ಇತ್ತು. ಅದರ ಹೆಸರು ರೂಪಾ. ಗಂಗಮ್ಮತ್ತೆಯ ಮೊಮ್ಮಗಳು, ನನ್ನದೇ ತರಗತಿಯವಳು. ತಿರುಮಣಿಯ ನೆಂಟರ ಮನೆಗೆ ಹೋದಾಗ ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ವೈರು ಪರೀಕ್ಷಿಸುತ್ತಿದ್ದ ಒಬ್ಬ ಹೆಂಗಸನ್ನು ನೋಡಿ ಬಂದಳು. ಬಂದವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡುತ್ತೇನೆಂದು ಕೂತಳು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರುಮಾತಿಲ್ಲ. "ಹತ್ತನೇ ಕ್ಲಾಸು ಸಾಕು ಕಣ್ಲಾ. ಆಮ್ಯಾಕೆ ಒಳ್ಳೆ ಕಡೆ ನೋಡಿ ಕೊಡಾನ" ಎಂದು ನನಗೆ ಹೇಳಿಬಿಟ್ಟಳು. ನಾನು ಬೇಡಿ ನೋಡಿದೆ, ನಡೆಯಲಿಲ್ಲ. ನಯನಾ ಮೇಡಂ ಆಸೆ ಹಚ್ಚಿ ಬಸ್ಸು ಹತ್ತಿ ಹೋಗುತ್ತಾಳೆ, ಆ ಆಸೆಯ ಜೊತೆ ಬದುಕಬೇಕಾದವಳು ರೂಪಾ ಎಂಬುದೇ ನನ್ನ ಸಂಕಟ.

ಆಮೇಲೆ ಬಂತು ಕಣ್ಣಿನ ಪಾಠ. ಮಾತಾಡುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕಂತೆ. ನಮ್ಮ ಕಡೆ ಹಿರಿಯರನ್ನು ಹಾಗೆ ನೋಡಿದರೆ ಕೆನ್ನೆಗೆ ಬೀಳುತ್ತದೆ. ರೂಪಾ ಅದಕ್ಕೊಂದು ದಾರಿ ಕಂಡುಕೊಂಡಳು. ಅತ್ತೆ ನನ್ನನ್ನು ಹುಡುಕಿಕೊಂಡು ಬಂದಳು.

"ಅದೇನ್ ಕಲಿಸ್ತೀರ್ಲಾ ನಿಮ್ಮ ಇಸ್ಕೂಲ್ನಾಗೆ? ಹುಡ್ಗಿ ಬೆಳಗ್ಗೆ ಎದ್ದು ಎಮ್ಮೆನ ಗುರಾಯಿಸ್ತಾ ಕುಂತ್ಕತಾಳೆ. ಎಮ್ಮೆ ಹೆದ್ರಿ ಹಾಲು ಏರಿಸ್ಕಂಬುಟ್ರೆ ನಿಮ್ಮ ಮೇಡಂ ಬಂದು ಕರೀತಾಳಾ?"

ಮೇಡಂಗೆ ಹೇಳುತ್ತೇನೆ ಎಂದೆ, ನೆಲ ನೋಡುತ್ತ. ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಹೇಳುವ ಪಾಠ ನನಗೆ ಯಾರೂ ಮಾಡಿರಲಿಲ್ಲ.

ಕೊನೆಯ ದಿನ ಮನೆಯವರ ಎದುರಿಗೆ ಮಕ್ಕಳ ಅಣಕು ಸಂದರ್ಶನ. ಏನು ಕೆಡುಕು ಕಲಿಸಿದ್ದಾರೋ ನೋಡೋಣವೆಂದು ಅತ್ತೆ ತಾನೇ ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಇಬ್ಬರ ಮುಖವೂ ಒಂದೇ ಥರ ಗಂಟಿಕ್ಕಿತ್ತೆಂದು ಆಮೇಲೆ ಯಾರೋ ಹೇಳಿದರು.

ರೂಪಾಳ ಸರದಿ ಬಂತು. ನಯನಾ ಕೇಳಿದಳು: "ನಿನ್ನಲ್ಲಿ ಏನು ಚೆನ್ನಾಗಿದೆ, ಹೇಳು."

ಹುಡುಗಿ ತಲೆ ತಗ್ಗಿಸಿತು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ನಮ್ಮಲ್ಲಿ ನಾಚಿಕೆಗೇಡು. ನಾಲ್ಕು ಜನರೆದುರು ಮಕ್ಕಳ ಗುಣ ಹೇಳುವುದು ಹಿರಿಯರ ಕೆಲಸ. ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಅತ್ತೆ ಸೆರಗು ಸಿಕ್ಕಿಸಿ ಎದ್ದಳು.

"ಅವ್ಳೇನ್ ಹೇಳಾಳು, ನಾನ್ ಹೇಳ್ತೀನಿ ಕೇಳಮ್ಮ! ನಮ್ಮ ಬೋರಿನ ಸ್ಟಾರ್ಟರ್ ಕೆಟ್ರೆ ಗಂಡುಸ್ರು ಮೆಕ್ಯಾನಿಕ್ ಹುಡಿಕ್ಕಂಡು ಓಡ್ತಿದ್ರು. ಈಗ ಇವ್ಳೇ ಟೆಸ್ಟರ್ ಹಿಡ್ಕಂಡು ಕುಂತ್ಕತಾಳೆ, ಸರಿ ಆಗಗಂಟ ಉಣ್ಣಕ್ಕೂ ಏಳಕ್ಕಿಲ್ಲ. ಊರ್ನೋರ ಮಿಕ್ಸಿಯೆಲ್ಲ ನಮ್ಮ ಜಗಲಿ ಮ್ಯಾಲೇ ಬಿದ್ದವೆ. ಇಂಥ ಹುಡ್ಗಿ ಇನ್ಯಾರ ಮನ್ಯಾಗವ್ಳೆ, ತೋರ್ಸು ನೋಡಾನ!"

ನಯನಾ ನಗು ತಡೆದುಕೊಂಡು ರೂಪಾಳ ಕಡೆ ತಿರುಗಿದಳು. "ಕೊನೆಯದಾಗಿ, ನಿನ್ನದೇನಾದರೂ ಪ್ರಶ್ನೆ ಇದೆಯಾ?"

ಸಂದರ್ಶನಕ್ಕೆ ಹೋದವರು ಕೊನೆಗೆ ತಾವೂ ಒಂದು ಪ್ರಶ್ನೆ ಕೇಳಬೇಕೆಂದು ಅವಳು ಹೇಳಿಕೊಟ್ಟಿದ್ದಳು. ಎಲ್ಲ ಪಾಠಗಳಲ್ಲಿ ಇದೇ ಅಧಿಕಪ್ರಸಂಗವೆಂದು ನಾನು ಗುರುತು ಹಾಕಿಕೊಂಡಿದ್ದೆ.

ರೂಪಾ ತಲೆ ಎತ್ತಿದಳು. ಮೇಡಂ ಕಡೆ ನೋಡಲಿಲ್ಲ. ಪೂರ್ತಿ ಹಿಂದಕ್ಕೆ ತಿರುಗಿ, ಎಮ್ಮೆಯ ಮುಂದೆ ಪಳಗಿಸಿದ ಆ ನೋಟವನ್ನು ತಂದು ಅಜ್ಜಿಯ ಕಣ್ಣಲ್ಲಿ ಇಟ್ಟಳು.

"ಇದೆ ಮೇಡಂ. ಅಜ್ಜಿ, ನಂಗೆ ಇಷ್ಟೆಲ್ಲ ಬರುತ್ತೆ ಅಂತ ನೀನೇ ಹೇಳ್ದೆ. ಡಿಪ್ಲೊಮಾಕ್ಕೆ ಕಳಿಸ್ತೀಯಾ?"

ಅತ್ತೆ ನನ್ನತ್ತ ನೋಡಿದಳು. ನಾನು ಫ್ಯಾನು ನೋಡುತ್ತಿದ್ದೆ. ಇಡೀ ಊರು ಅವಳನ್ನು ನೋಡುತ್ತಿತ್ತು. ಎಮ್ಮೆಗಾದರೂ ಮುಖ ತಿರುಗಿಸಿಕೊಳ್ಳಲು ಕೊಟ್ಟಿಗೆಯ ಗೊಂತಿನಲ್ಲಿ ಜಾಗವಿತ್ತು.

"ಕಳಿಸ್ತೀನಿ, ಕುಂತ್ಕಳೇ ಸಾಕು" ಎಂದಳು.

ಪ್ರಮಾಣಪತ್ರ ಕೊಡುವ ಕೆಲಸ ಉಸ್ತುವಾರಿಯವನಾದ ನನಗೇ ಬಿತ್ತು. ರೂಪಾ ಬಂದು ನನ್ನ ಕೈ ಕುಲುಕಿದಳು, ಶಿರಾ ಸಂತೆಯವರ ಹಾಗೆ ಗಟ್ಟಿಯಾಗಿ. ಕುರಿ ಎಲ್ಲಿದೆಯೆಂದು ಈ ಸಲ ನನಗೂ ಗೊತ್ತಿತ್ತು. ಅವಳು ಆ ಪತ್ರವನ್ನು ನೇರ ಅಜ್ಜಿಯ ಕೈಯಲ್ಲಿಟ್ಟಳು. ಸೀರೆಯ ನೇಯ್ಗೆ ಪರೀಕ್ಷಿಸುವವಳ ಹಾಗೆ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ಹಾಕಿ ನೋಡಿದಳು. ಆಮೇಲೆ ಅಗಲವಾಗಿದ್ದ ನನ್ನ ಮುಖ ನೋಡಿದಳು.

"ಹಲ್ಲು ಮುಚ್ಕಳ್ಲಾ. ಕಳಿಸ್ತೀನಿ ಅಂದಿದೀನಿ, ನಂಬಿದೀನಿ ಅಂದಿಲ್ಲ. ತುಮಕೂರು ಬಸ್ಸು ಬೆಳಗ್ಗೆ ಎಷ್ಟೊತ್ತಿಗೈತೆ? ಆ ಡಿಪ್ಲೊಮಾ ಕಾಲೇಜು ಹೆಂಗೈತೋ, ಮೊದ್ಲು ನಾನೇ ಹೋಗಿ ನೋಡ್ಕಂಬರ್ತೀನಿ."