ಗಿನಿಪಿಗ್ ಮನೆಗೊಂದು ಹಿತ್ತಲ ಬಾಗಿಲು

ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿ ಆಗ ಎರಡು ಗಿನಿಪಿಗ್‌ಗಳಿದ್ದವು. ಎರಡೂ ಹೆಣ್ಣು. ತಂದದ್ದು ಮಗಳ ಹಟಕ್ಕೆ, ಹಿಕ್ಕೆ ಗುಡಿಸುವ ಭಾಗ್ಯ ಮಾತ್ರ ನನ್ನದು. ನಮ್ಮತ್ತೆ ಮೊದಮೊದಲು ಅವುಗಳನ್ನು 'ದಪ್ಪಿಲಿ' ಎಂದು ಕರೆದು ಮೂಗು ಮುರಿದರು. ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಪಕ್ಕದ ಖಾಲಿ ಸೈಟಿನಿಂದ ಸೆರಗು ತುಂಬ ಗರಿಕೆ ಕಿತ್ತು ತರತೊಡಗಿದರು. ಕುರಿ ಸಾಕಿದ ಕೈ ಅದು, ಸುಮ್ಮನಿರುತ್ತದೆಯೇ?

ಯಶವಂತಪುರಕ್ಕೆ ಮೆಟ್ರೋ ಬಂದ ವರ್ಷ ನಮ್ಮ ಮನೆಗೆ ಮೂರನೆಯದೂ ಬಂತು. ಸಹಕಾರನಗರದ ಪಾರ್ಕಿನಲ್ಲಿ ನನಗೆ ಪರಿಚಯವಾಗಿದ್ದ ನಿವೃತ್ತ ಟೀಚರೊಬ್ಬರ ಬಳಿಯೂ ಒಂದು ಜೋಡಿ ಇತ್ತು. ಅದರಲ್ಲೊಂದು ಸತ್ತು, ಉಳಿದದ್ದು ಸರಿಯಾಗಿ ಮೇವು ಮುಟ್ಟುತ್ತಿರಲಿಲ್ಲ.

"ಇವು ಒಂಟಿಯಾಗಿ ಬದುಕೋ ಜಾತಿ ಅಲ್ಲ ಕಣ್ರೀ. ತಿಂಗಳ ಕೊನೆಗೆ ನಾನು ತಂಗಿ ಫ್ಲ್ಯಾಟಿಗೆ ಹೋಗ್ತಿದೀನಿ, ಅಲ್ಲಿ ಪ್ರಾಣಿ ಇಡೋ ಹಾಗಿಲ್ಲ. ನಿಮ್ಮವುಗಳ ಜೊತೆ ಹೊಂದ್ಕೊಂಡ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ತಂದ ಅಂಗಡಿಗೇ ವಾಪಸ್ ಕೊಡ್ಬೇಕು," ಎಂದವರೇ ಕಣ್ಣೊರೆಸಿಕೊಂಡರು.

ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಎರಡು ವಾರ ಅದನ್ನು ಬೇರೆ ಗೂಡಿನಲ್ಲಿಡಿ, ಆಮೇಲೆ ಮೆಲ್ಲಗೆ ಪರಿಚಯ ಮಾಡಿಸಿ ಎಂದು ಹೆಬ್ಬಾಳದ ಪ್ರಾಣಿ ವೈದ್ಯರು ಹೇಳಿದ್ದರು. ಎರಡು ವಾರವನ್ನೇನೋ ಪಾಲಿಸಿದೆವು. 'ಮೆಲ್ಲಗೆ' ಎಂಬ ಮಾತು ನಮ್ಮತ್ತೆಯ ಕಿವಿಗೆ ಬೀಳಲಿಲ್ಲ. ಶುಕ್ರವಾರ ಒಳ್ಳೆಯ ದಿನವೆಂದು ಗೊತ್ತುಮಾಡಿದರು. ಹೊಸಬಳ ನೆತ್ತಿಗೆ ಚಿಟಿಕೆ ಅರಿಶಿನ ಹಚ್ಚಿದರು, ಆರತಿ ಎತ್ತಿದರು, ಮದುವಣಗಿತ್ತಿಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ ನೇರವಾಗಿ ಹಳಬರ ಗೂಡಿಗೇ ಇಳಿಸಿದರು. ನಾನೂ ತಟ್ಟೆ ಹಿಡಿದು ನಿಂತಿದ್ದೆ ಅನ್ನಿ.

ಹಳಬರಲ್ಲಿ ಹಿರಿಯಳು ಒಮ್ಮೆ ಮೂಸಿದಳು. ಅರಿಶಿನದ ಘಾಟಿಗೋ ಏನೋ, ಕಟಕಟ ಹಲ್ಲು ಕಡಿದಳು. ಮರುಕ್ಷಣ ಗೂಡೆಲ್ಲ ಕೂದಲು! ನಾನು ಟವೆಲ್ ಎಸೆದು ಬಿಡಿಸುವಷ್ಟರಲ್ಲಿ ಹೊಸಬಳ ಕಿವಿಯಂಚು ಹರಿದಿತ್ತು.

"ಏಯ್, ಮೂದೇವಿಗಳಾ! ಮನೆಗೆ ಬಂದೋಳಿಗೆ ಇಂಗಾ ಮಾಡೋದು?" ಎಂದು ಅತ್ತೆ ಗದರಿದರು.

"ನಾವೇ ಅವರ ಮನೆಗೆ ನುಗ್ಗಿಸಿದ್ವಲ್ಲ ಅತ್ತೆ..."

"ಮತ್ತಿನ್ನೆಲ್ಲಿಗ್ ತುಂಬುಸ್ಕೋತಾರೆ ಎಣ್ಣುನ್ನ? ಬಸ್ ಸ್ಟ್ಯಾಂಡಿಗಾ?"

ಅಂದು ಸಂಜೆ ಟೀಚರ್ ಫೋನ್ ಮಾಡಿದರು. "ಹೇಗಿದಾಳ್ರೀ? ಜಗಳ ಗಿಗಳ ಏನಿಲ್ಲ ತಾನೆ?" ಹರಿದ ಕಿವಿಗೆ ಮುಲಾಮು ಹಚ್ಚುತ್ತಲೇ, "ಹೊಂದ್ಕೋತಿದಾಳೆ," ಎಂದುಬಿಟ್ಟೆ. ಮುಂದಿನ ಭಾನುವಾರ ತಾವೇ ಬಂದು ನೋಡಿ, ಒಂದು ತೀರ್ಮಾನ ಮಾಡುವುದಾಗಿ ಹೇಳಿದರು. ಎಂಟೊಂಬತ್ತು ದಿನ ಉಳಿದವು.

ವೈದ್ಯರಿಗೆ ಫೋನಿನಲ್ಲಿ ತಪ್ಪೊಪ್ಪಿಕೊಂಡೆ. ಯಾರದ್ದೂ ಅಲ್ಲದ ಜಾಗದಲ್ಲಿ ಭೇಟಿ ಮಾಡಿಸಿ ಎಂದರು. ಕಿವಿ ಒಣಗಿದ ಮೇಲೆ ಮೂವರನ್ನೂ ತಾರಸಿಯ ನೆರಳಿನಲ್ಲಿ ಹಳೇ ಜಮಖಾನದ ಮೇಲೆ ಬಿಟ್ಟು, ನಡುವೆ ಕೊತ್ತಂಬರಿ ಗುಡ್ಡೆ ಹಾಕಿದೆವು. ಹಿರಿಯಳು ಸೊಂಟ ಕುಣಿಸುತ್ತ ಗುರುಗುಟ್ಟಿ ತನ್ನ ದರ್ಬಾರು ತೋರಿಸಿದಳು. ಹೊಸಬಳು ದೂರ ಸರಿದಳು. ಕೊತ್ತಂಬರಿಯ ಮುಂದೆ ಯಾರ ಸಿಟ್ಟು ನಿಂತೀತು? ಅರ್ಧ ಗಂಟೆಯಲ್ಲಿ ಮೂರೂ ಬಾಯಿ ಒಂದೇ ಗುಡ್ಡೆಯಲ್ಲಿ.

ಗೂಡಿಗೆ ತಂದದ್ದೇ ತಡ, ಮತ್ತೆ ರಂಪ. ಹೊಸಬಳು ಹೆದರಿ, ಅಡಗಿಕೊಳ್ಳಲೆಂದು ಗೂಡಿನ ಮೂಲೆಯಲ್ಲಿ ಇಟ್ಟಿದ್ದ ರಟ್ಟಿನ ಡಬ್ಬದ ಮನೆಯೊಳಗೆ ಹೊಕ್ಕಳು, ಹಿರಿಯಳು ಬಾಗಿಲಿಗೆ ಅಡ್ಡ ನಿಂತಳು. ಒಳಗಿನಿಂದ ಕಿರುಚಾಟ. ಮತ್ತೆ ಬೇರೆ ಮಾಡಿದೆವು. ಅತ್ತೆ ಮೆಟ್ಟಿಲ ಮೇಲೆ ಕುಳಿತು ಆ ಡಬ್ಬವನ್ನೇ ನೋಡುತ್ತಿದ್ದರು.

"ನಾನು ಈ ಮನೆಗ್ ಬಂದಾಗ ಮೂರ್ ಜನ ವಾರಗಿತ್ತೀರು ಕಣಮ್ಮ," ಎಂದರು. "ಒಬ್ಬೊಬ್ಳು ಒಂದೊಂದ್ ಮಾತು. ತಡೆಯಕ್ಕಾಗ್ದಿದ್ರೆ ಇತ್ಲು ಬಾಗ್ಲಿಂದ ಓಗಿ ಕುರಿ ಅಟ್ಟೀಲಿ ಕೂತ್ಕೋತಿದ್ದೆ. ಅವ್ರ್ ಕ್ವಾಪ ಇಳೀತಿತ್ತು, ನನ್ ಅಳೂನೂ ನಿಲ್ತಿತ್ತು, ಒಳೀಕ್ ಬರ್ತಿದ್ದೆ. ಇದುಕ್ ಇರೋದು ಒಂದೇ ಬಾಗ್ಲು. ಎತ್ಲಾಗೋಗ್ಬೇಕು ಪಾಪ?"

ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನಾನು ಕೇಳದಿದ್ದ ಕಥೆ ಅದು. ಎದ್ದು ಹೋಗಿ ತರಕಾರಿ ಚಾಕು ತಂದುಕೊಟ್ಟೆ. ಅತ್ತೆ ಡಬ್ಬದ ಹಿಂಬದಿಗೆ ಒಂದು ದೊಡ್ಡ ಕಿಂಡಿ ಕೊರೆದರು. ನಾನು ಹಳಬರ ವಾಸನೆ ಹೋಗುವಂತೆ ಗೂಡನ್ನು ತೊಳೆದು, ಹೊಸ ಹುಲ್ಲು ಹಾಸಿದೆ.

ಮೂವರನ್ನೂ ಮತ್ತೆ ಒಳಗೆ ಬಿಟ್ಟೆವು. ಹಿರಿಯಳು ಮುಂಬಾಗಿಲಿಗೆ ಬಂದರೆ ಹೊಸಬಳು ಹಿಂಬಾಗಿಲಿಂದ ಪರಾರಿ. ಆ ದಿನವಿಡೀ ಅದೇ ಆಟ. ಮರುದಿನ ಅಟ್ಟಿಸಿಕೊಂಡು ಹೋಗುವ ಉತ್ಸಾಹ ಹಿರಿಯಳಿಗೇ ಇಳಿದಿತ್ತು. ಓಡುವವಳು ಸಿಗದಿದ್ದ ಮೇಲೆ ಗದರಿಸಿ ಏನು ಸುಖ? ಮೂರನೆಯ ದಿನ ಕಿರಿಯಳು ಹೊಸಬಳ ಪಕ್ಕದಲ್ಲೇ ಮೈಚಾಚಿದಳು.

ಭಾನುವಾರ ಟೀಚರ್ ಬಂದರು. ಬೇಕಾದರೆ ಇರಲಿ ಎಂದು ಮುಚ್ಚಳದ ಬುಟ್ಟಿಯನ್ನೂ ತಂದಿದ್ದರು. ಗೂಡಿನಲ್ಲಿ ಮೂರೂ ಒಂದೇ ಸೌತೆಕಾಯಿ ಹೋಳಿಗೆ ಮುಗಿಬಿದ್ದಿದ್ದವು. ಟೀಚರ್ ಮಂಡಿಯೂರಿ, "ಬಂಗಾರೀ, ಬಾರೇ," ಎಂದು ಕರೆದರು. ಹೊಸಬಳು ತಲೆ ಎತ್ತಿ ನೋಡಿ, ಮತ್ತೆ ಸೌತೆಕಾಯಿಗೆ ಬಾಯಿ ಹಾಕಿದಳು.

"ನೋಡಿದ್ರಾ, ನಾನು ಯಾರೋ ಅನ್ನೋ ಹಾಗೆ!" ಎಂದು ಟೀಚರ್ ನಕ್ಕರು. ಕಣ್ಣು ಮಾತ್ರ ತುಂಬಿತ್ತು.

"ಎಂಗೆ ತಿಂತಾವ್ಳೆ ನೋಡವ್ವ," ಎಂದು ಅತ್ತೆ ಅವರ ಕೈಯಿಂದ ಬುಟ್ಟಿ ಇಸಿದುಕೊಂಡರು. "ಇದ್ನ ಇಲ್ಲೇ ಬುಟ್ಟೋಗು. ಗರಿಕೆ ತರಾಕಾಯ್ತದೆ."