ಮುಲುಂಡಿನಲ್ಲಿ ಕೂತು ಊರಿನ ಗಣಿ ತೂಗಿದ್ದು

ನಮ್ಮೂರಿಗೆ ಗಣಿ ಬೇಕೋ ಬೇಡವೋ ಎಂಬುದು ಕಳೆದ ಭಾನುವಾರ ತೀರ್ಮಾನವಾಯಿತು. ಎಲ್ಲಿ ಅಂತೀರಿ? ಮುಂಬಯಿಯ ಮುಲುಂಡ್ ಸ್ಟೇಷನ್ ಪಕ್ಕದ ಹೋಟೆಲಿನ ಎಸಿ ಹಾಲ್‌ನಲ್ಲಿ!

ಉಡುಪಿ ಕಡೆಯ ನಮ್ಮೂರಿಗೊಂದು ಸಂಘವಿದೆ. ಅದರ ಮುಂಬಯಿ ಶಾಖೆ ಊರಿನದಕ್ಕಿಂತ ಜೋರು. ಶಾಲೆಗೆ ಹೊಸ ಮಾಡು ಹಾಕಿಸಿದ್ದು ನಾವು, ಬಸ್‌ಸ್ಟ್ಯಾಂಡ್ ಕಟ್ಟಿಸಿದ್ದು ನಾವು. (ಅದರ ಮೇಲೆ ಊರಿನ ಹೆಸರಿಗಿಂತ ನಮ್ಮ ಹೆಸರುಗಳೇ ದೊಡ್ಡದಾಗಿವೆ.) ಹಾಗಾಗಿ ನಾವೊಂದು ನಿರ್ಣಯ ಮಾಡಿ ಕಳಿಸಿದರೆ ಪಂಚಾಯತಿಯಲ್ಲಿ ಅದಕ್ಕೆ ಬೆಲೆಯುಂಟು.

ಊರಿನ ಹಿಂದಿನ ಗುಡ್ಡದಲ್ಲಿ ಬಾಕ್ಸೈಟ್ ತೆಗೆಯುತ್ತಾರಂತೆ. ಸಂಘದ ಅಧ್ಯಕ್ಷರು, ಅಂದರೆ ಅದೇ ಹೋಟೆಲಿನ ಮಾಲೀಕ ಸುಧಾಕರಣ್ಣ, ಮೈಕ್ ಹಿಡಿದರು. "ಗುಡ್ಡ ಹೋದ್ರೆ ಬಾವಿ ಹೋಯ್ತು, ಬಾವಿ ಹೋದ್ರೆ ಗದ್ದೆ ಹೋಯ್ತು. ಕೆಲಸ ಕೊಡ್ತೇವೆ ಅಂತಾರೆ. ಗಣಿ ಖಾಲಿಯಾದ ಮೇಲೆ ಎಂತ ಮಾಡುದು?"

ಒಳ್ಳೆಯ ಪ್ರಶ್ನೆಯೇ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಸುಧಾಕರಣ್ಣ ಬಂದು ಪಕ್ಕದಲ್ಲಿ ಕೂತು ನನ್ನ ಕಿವಿಯಲ್ಲಿ ಹೇಳಿದರು: "ಇನ್ನೊಂದು ಉಂಟು ಮಾರಾಯ್ರೆ. ಊರಲ್ಲೇ ಕೆಲಸ ಸಿಕ್ರೆ ನನ್ನ ಕಿಚನಿಗೆ ಬರುದು ಯಾರು? ಧಂದಾ ಬಂದ್!"

ಇದನ್ನು ಮೈಕಿನಲ್ಲಿ ಯಾಕೆ ಹೇಳಲಿಲ್ಲವೋ!

ಅವರು ಮತ್ತೆ ಎದ್ದು ಮೈಕ್ ಹಿಡಿದರು: "ಗಣಿ ಬೇಡ ಅನ್ನುವವರು ಕೈಯೆತ್ತಿ." ಹಾಲ್ ತುಂಬ ಕೈಗಳು. "ಬೇಕು ಅನ್ನುವವರು?" ಬಾಗಿಲ ಬಳಿ ಒಂದೇ ಒಂದು ಕೈ ಎದ್ದಿತು. ಆ ಮನುಷ್ಯನ ಇನ್ನೊಂದು ಕೈಯಲ್ಲಿ ಗೋಳಿಬಜೆಯ ಟ್ರೇ. ಅಡುಗೆಯ ರಾಘು! ಅವನೂ ನಮ್ಮೂರಿನವನೇ. ಹೆಂಡತಿ, ಮಗಳು ಈಗಲೂ ಅಲ್ಲೇ ಇದ್ದಾರೆ.

"ಏ ರಾಘು, ನೀನು ಮೆಂಬರ್ ಅಲ್ಲ ಮಾರಾಯ," ಎಂದರು ಸುಧಾಕರಣ್ಣ. ಎಲ್ಲರೂ ನಕ್ಕರು. ರಾಘು ಕೈ ಇಳಿಸಿದ. ನಿರ್ಣಯ ಸರ್ವಾನುಮತದಿಂದ ಪಾಸ್.

ನಮ್ಮಲ್ಲಿ ಹೆಚ್ಚಿನವರಿಗೆ ಊರೆಂದರೆ ಮೇ ತಿಂಗಳ ರಜೆ, ಅಷ್ಟೇ. ಆ ಬಾವಿಯ ನೀರನ್ನು ದಿನಾ ಕುಡಿಯುವುದು ರಾಘುವಿನ ಮನೆಯವರು. ನನಗೆ ನಾಚಿಕೆಯಾಯಿತು. ಕೈ ತೊಳೆಯುವ ನೆಪದಲ್ಲಿ ಕಿಚನಿಗೆ ಹೋದೆ.

"ಬಾವಿ ಬತ್ತಿದ್ರೆ ಕಷ್ಟ ನಿನ್ಗೇ ಅಲ್ವಾ ರಾಘು?"

ಅವನು ಹಿಟ್ಟನ್ನು ಎಣ್ಣೆಗೆ ಬಿಡುತ್ತಲೇ ಹೇಳಿದ: "ಬತ್ತಬಹುದು ಅಣ್ಣ. ಈಗ ಬಾವಿ ತುಂಬ ನೀರುಂಟು, ಸೇದಿ ಸೇದಿ ಹೆಂಡ್ತಿಗೆ ಸೊಂಟನೋವು. ಗಣಿ ಬಂದ್ರೆ ಟ್ಯಾಂಕರ್ ನೀರೇ ಆಗ್ಲಿ, ಹೊರ್ಲಿಕ್ಕೆ ನಾನಿರ್ತೇನೆ."

ಗಣಿ ಬೇಡವೆಂದೇ ನಾನು ಈಗಲೂ ಹೇಳುತ್ತೇನೆ. ಗುಡ್ಡ ಒಮ್ಮೆ ಹೋದರೆ ಹೋಯಿತು. ಆದರೆ ರಾಘು ಊರಲ್ಲೇ ದುಡಿದು ತಿನ್ನುವಂಥ ಬೇರೆ ಏನನ್ನು ತರೋಣ ಎಂದು ಆ ಹಾಲ್‌ನಲ್ಲಿ ಒಬ್ಬರಾದರೂ ಕೇಳಿದೆವಾ? ಮೆಂಬರ್‌ಶಿಪ್ ಇದ್ದ ನಾನಂತೂ ಕೇಳಲಿಲ್ಲ.

ಅಷ್ಟರಲ್ಲಿ ಹಾಲ್‌ನಿಂದ ಸುಧಾಕರಣ್ಣನ ಕೂಗು: "ರಾಘು, ಇನ್ನೊಂದು ರೌಂಡ್ ಬರ್ಲಿ!"

ಈಗ ನೀವೇ ಹೇಳಿ, ನಾವು ಕೈಯೆತ್ತಿ ಉಳಿಸಿಕೊಂಡದ್ದು ಊರಿನ ಬಾವಿಯನ್ನೋ, ಮುಲುಂಡಿನ ಗೋಳಿಬಜೆಯನ್ನೋ?