ಕೊಲೆಟ್ ಬಾಗಿಲಿಗೆ ಸೇವಂತಿಗೆ

ಸಮಾಧಿಯ ಹೂವನ್ನು ಯಾರಿಗಾದರೂ ‘ಬೇಗ ಗುಣವಾಗಲಿ’ ಎಂದು ಕೊಟ್ಟಿದ್ದೀರಾ? ನಾನು ಕೊಟ್ಟಿದ್ದೇನೆ. ಅದೂ ಮಾಸ್ಕ್ ಹಾಕಿಕೊಂಡು, ಎರಡು ಮೀಟರ್ ದೂರ ನಿಂತು!

ನಾವು ಬಂದು ನೆಲೆಸಿದ ಪರದೇಶದ ಊರು ಸ್ಯಾಂಟ್ರಿ. ಇಲ್ಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಕೊಲೆಟ್. ಫ್ರಾನ್ಸಿನವರು, ಎಪ್ಪತ್ತು ದಾಟಿದವರು. ಒಮ್ಮೆ ಲಿಫ್ಟಿನಲ್ಲಿ ನಾನು ನೇರವಾಗಿ “ನಿಮ್ಮಲ್ಲಿ ಬಿಸಿನೀರು ಬರ್ತಿದೆಯಾ?” ಎಂದು ಕೇಳಿದ್ದಕ್ಕೆ, ನಗುತ್ತಾ “ಬೋನ್‌ಜೂರ್” ಎಂದು ಸುಮ್ಮನೆ ನಿಂತರು. ನಾನೂ ಬೋನ್‌ಜೂರ್ ಅಂದ ಮೇಲೇ ಉತ್ತರ. ಅವರ ಊರಲ್ಲಿ ಬ್ರೆಡ್ ಅಂಗಡಿಗೆ ಹೋದರೂ ಮೊದಲು ನಮಸ್ಕಾರ, ಆಮೇಲೆ ಬ್ರೆಡ್ಡಂತೆ. (ಎದ್ದ ಕೂಡಲೇ “ಕಾಫಿ ಎಲ್ಲಿ?” ಅನ್ನುವ ನಮ್ಮ ಮನೆಯವರಿಗೂ ಇದನ್ನು ಕಲಿಸಬೇಕು.)

ಕೋವಿಡ್ ಕಾಲದ ಆ ಅಕ್ಟೋಬರಿನಲ್ಲಿ ಅವರ ಗಂಡ ಸೋಂಕು ತಗುಲಿ ಆಸ್ಪತ್ರೆ ಸೇರಿದರು. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಒಂಟಿಯಾಗಿ ಕೂತ ಹೆಂಗಸಿಗೆ ನಾನೇನು ಕೊಡಲಿ? ನವರಾತ್ರಿಗೆಂದು ಸೂಪರ್‌ಮಾರ್ಕೆಟ್ಟಿನಿಂದ ಹಳದಿ ಸೇವಂತಿಗೆಯ ಕುಂಡ ತಂದಿದ್ದೆ. ದೇವಿಯ ಮುಂದಿಟ್ಟು ಅವರ ಹೆಸರಲ್ಲಿ ಬೇಡಿಕೊಂಡೆ. ಅವರ ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ಹಿಂದೆ ಸರಿದೆ.

ಹೂ ನೋಡಿದ ಕೊಲೆಟ್ ಒಂದು ಕ್ಷಣ ಬಾಗಿಲನ್ನೇ ಹಿಡಿದುಕೊಂಡರು.

“ಬೋನ್‌ಜೂರ್. ದೇವರ ಪ್ರಸಾದ ಇದು. ಅವ್ರು ಹುಷಾರಾಗ್ತಾರೆ,” ಎಂದೆ.

ಬಗ್ಗಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು “ಮೆರ್ಸಿ” ಎಂದು ಫ್ರೆಂಚಲ್ಲೇ ಥ್ಯಾಂಕ್ಸ್ ಹೇಳಿದರು. ಅಷ್ಟೇ.

ಮನೆಗೆ ಬಂದು ಹೇಳಿದರೆ, ಸ್ಕೂಲಿನಲ್ಲಿ ಫ್ರೆಂಚ್ ಓದುವ ಮಗಳು ಚೀರಿದಳು: “ಅಮ್ಮಾ, ಯೂ ಡಿಡಂಟ್! ಫ್ರಾನ್ಸಲ್ಲಿ ದಟ್ಸ್ ಫಾರ್ ಗ್ರೇವ್ಸ್!”

ಗಂಡ ಆಕ್ಸಿಜನ್ನಿನಲ್ಲಿರುವಾಗ ಸಮಾಧಿಯ ಹೂವೇ? ಮರುದಿನ ಮತ್ತೆ ಬೆಲ್ ಒತ್ತಿದೆ. ಒಳಗೆ ಕಿಟಕಿಯ ಬಳಿ, ಬಿಸಿಲಿಗೆ ಸೇವಂತಿಗೆ ಕಾಣುತ್ತಿತ್ತು. ಕೊಲೆಟ್ ಕೈಯಲ್ಲಿ ನೀರಿನ ಜಗ್.

“ನಂಗೆ ಗೊತ್ತಿರ್ಲಿಲ್ಲ. ಕ್ಷಮಿಸಿ. ಕೊಡಿ, ವಾಪಸ್ ತಗೊಂಡ್ಹೋಗ್ತೀನಿ,” ಎಂದೆ.

“ಯಾಕೆ? ನಿಮ್ಮ ದೇವರು ಕಳಿಸಿದ್ದು ಅಂದ್ರಲ್ಲ? ಇಟ್ಸ್ ಗ್ರ್ಯಾಂಡ್,” ಎಂದರು. (‘ಪರವಾಗಿಲ್ಲ, ಚೆನ್ನಾಗಿದೆ’ ಅನ್ನೋದಕ್ಕೆ ಇಲ್ಲಿನವರ ಮಾತದು; ಇಷ್ಟು ವರ್ಷ ಇಲ್ಲಿದ್ದ ಮೇಲೆ ಫ್ರೆಂಚರೂ ‘ಗ್ರ್ಯಾಂಡ್’ ಅನ್ನದೆ ಬಿಡುವುದಿಲ್ಲ.)

ಭಗವಂತ ದೊಡ್ಡವನು. ಮೂರು ವಾರಕ್ಕೆ ಅವರ ಯಜಮಾನರು ಮನೆಗೆ ಬಂದರು. ಒಳಗೆ ಕಾಲಿಟ್ಟವರೇ ಸೇವಂತಿಗೆ ನೋಡಿ, “ಯಾರು ಸತ್ತಿದ್ದು, ನಾನಾ?” ಎಂದರಂತೆ. ಹೇಳುತ್ತಾ ಕೊಲೆಟ್ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಅಲ್ಲಾ, ನಾಳೆ ಹಬ್ಬದ ದಿನ ಯಾರಾದರೂ ತಿಳಿಯದೆ, ಪ್ರೀತಿಯಿಂದ, ನನ್ನ ಹೊಸ್ತಿಲಿಗೆ ಅಪಶಕುನದ್ದೇನೋ ತಂದಿಟ್ಟರೆ, ನಾನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತೇನೆಯೇ?